ನಾಲ್ಕು ಸಾಲು ಒಬ್ಬಳೇ

ನನ್ನನ್ನು ಹಾಡುವ ಸಂಘಕ್ಕೆ ಸೇರಿಸಿದ್ದು ನಮ್ಮ ಮನೆಯ ಎಮ್ಮೆ. ತಮಾಷೆಗೆ ಹೇಳುತ್ತಿಲ್ಲ, ನಡೆದದ್ದೇ ಹಾಗೆ.

ಎಂಬತ್ತನೇ ಇಸವಿಯ ಆಚೀಚೆಯ ಮಾತು. ವರ್ತೂರು ಕೆರೆಯ ಹತ್ತಿರದ ನಮ್ಮ ಊರಿನಿಂದ ನಾನು ದಿನಾ ಬೆಳಿಗ್ಗೆ ಎಮ್ಮೆಯನ್ನೇ ಹೊಡೆದುಕೊಂಡು ವೈಟ್‌ಫೀಲ್ಡಿಗೆ ಹೋಗುತ್ತಿದ್ದೆ. ಅಲ್ಲಿ ಹಳೇ ಬಂಗಲೆಯೊಂದರಲ್ಲಿ ಆಂಗ್ಲೋ ಇಂಡಿಯನ್ ಹೆಂಗಸೊಬ್ಬರು ಇದ್ದರು. ಇಸ್ಕೂಲಿನಲ್ಲಿ ಸಂಗೀತ ಕಲಿಸಿ ರಿಟೈರ್ ಆದವರು. ನಾವೆಲ್ಲ ಅವರನ್ನು ಮಿಸ್ಸಮ್ಮ ಅನ್ನುತ್ತಿದ್ದೆವು. ಅವರಿಗೆ ಕಣ್ಣೆದುರಿಗೆ ಕರೆದ ಹಾಲೇ ಆಗಬೇಕು, ಕ್ಯಾನಿನಲ್ಲಿ ತಂದರೆ ನೀರು ಬೆರೆಸಿದ್ದೀಯ ಅನ್ನೋರು. ಒಂದು ದಿನ ನಾನು ಚೊಂಬು ತೊಳೆಯುವಷ್ಟರಲ್ಲಿ ಎಮ್ಮೆ ಅವರ ಗುಲಾಬಿ ಪಾತಿಗೆ ನುಗ್ಗಿತು. ನಾನು ಹೊಟ್ಟೆಯೊಳಗಿಂದ ಒಂದು ಕೂಗು ಹಾಕಿದೆ. ಎಮ್ಮೆ ನಿಂತಿತು. ಒಳಗೆ ನುಡಿಯುತ್ತಿದ್ದ ಪಿಯಾನೋನೂ ನಿಂತಿತು. ಮಿಸ್ಸಮ್ಮ ಹೊರಗೆ ಬಂದರು. ಗುಲಾಬಿಗೆ ಬೈಸಿಕೊಳ್ಳಬೇಕಲ್ಲಾ ಅಂತ ಸೆರಗು ಸುತ್ತಿಕೊಂಡು ನಿಂತೆ.

"ನೀನು, ಇನ್ನೊಂದ್ ಸಾರಿ ಕೂಗು" ಅಂದರು.

"ಯಾರ್ನ ಅಮ್ಮಾ?"

"ಅದೇ, ಎಮ್ಮೆನ. ಸೇಮ್ ಹಾಗೇ ಕೂಗು."

ಕೂಗಿದೆ. ಒಳಗೆ ಓಡಿ ಪಿಯಾನೋದ ಎಡಗಡೆಯ ಒಂದು ಬಿಳಿ ಮನೆಯನ್ನು ಬೆರಳಿನಿಂದ ಒತ್ತಿದರು. ನನ್ನ ಕೂಗು ಅದರೊಳಗೆ ಸರಿಯಾಗಿ ಕೂತುಕೊಂಡಿತು. "ಈ ದಪ್ಪ ದನಿ ನಾನು ಮೂರು ವರ್ಷದಿಂದ ಹುಡುಕ್ತಾ ಇದೀನಿ, ನೀನು ಇಲ್ಲಿ ಹಾಲು ಕರೀತಾ ಇದೀಯ!" ಅಂತ ನನ್ನನ್ನೇ ತಪ್ಪಿತಸ್ಥಳನ್ನಾಗಿ ಮಾಡಿದರು. ಅವರ ಕನ್ನಡ ಅಡಿಗೆಯವಳಿಂದ ಕಲಿತದ್ದು. ಅದಕ್ಕೇ ಯಾರನ್ನು ಕಂಡರೂ 'ನೀನು'. ಬ್ಯಾಂಕಿನ ಮ್ಯಾನೇಜರಿಗೂ 'ನೀನು ಕೂತ್ಕೋ', ಚರ್ಚಿನ ಫಾದರಿಗೂ 'ನೀನು ಎದ್ದೇಳು'. ಯಾರೂ ಬೇಜಾರು ಮಾಡಿಕೊಳ್ಳುತ್ತಿರಲಿಲ್ಲ.

ಭಾನುವಾರ ಹಾಡಲು ಕರೆದಿದ್ದಾರೆ ಅಂತ ಮನೆಗೆ ಬಂದು ಹೇಳಿದರೆ ನಮ್ಮ ಯಜಮಾನರು ಊಟ ಬಿಟ್ಟು ನಕ್ಕರು. ಅವರು ಊರಿನ ಭಜನೆಯಲ್ಲಿ ಮೊದಲ ಸಾಲು ಹೇಳುವವರು, ಆ ಜಂಬ ಬೇರೆ. "ಎಮ್ಮೆ ಎದ್ರಿಸೋ ಗಂಟ್ಲು, ದೊರೆಸಾನಿ ಮುಂದೆ ಆಡ್ತದಂತೆ! ಓಗವ್ವಾ ಓಗು. ಬರೋವಾಗ ಆರ ಆಕುಸ್ಕೊಂಡು ಬಾ."

"ಆಕುಸ್ಕೊಂಡೇ ಬತ್ತೀನಿ, ನೋಡ್ತಾ ಇರಿ" ಅಂದೆ.

ಭಾನುವಾರ ಮಧ್ಯಾಹ್ನ ಮೂರು ಗಂಟೆಗೆ ಹಂಚಿನ ಮಾಡಿನ ಒಂದು ದೊಡ್ಡ ಹಾಲ್‌ನಲ್ಲಿ ಮಿಸ್ಸಮ್ಮನ ಸಂಘ ಸೇರುತ್ತಿತ್ತು. ಮೊದಲ ದಿನ ಬಾಗಿಲಲ್ಲೇ ಅರ್ಧ ಗಂಟೆ ನಿಂತೆ. ಒಳಗೆ ನಲವತ್ತು ಜನ. ಆಸ್ಪತ್ರೆಯ ನರ್ಸುಗಳು, ಇಸ್ಕೂಲಿನ ಮೇಷ್ಟರುಗಳು, ದೊಡ್ಡನೆಕ್ಕುಂದಿಯ ಫ್ಯಾಕ್ಟರಿಗಳಿಂದ ಬಂದ ಹುಡುಗರು. ಬ್ಯಾಂಕಿನ ಮ್ಯಾನೇಜರು ಎಳೆಗರುವಿನಷ್ಟು ದೊಡ್ಡ ಪಿಟೀಲನ್ನು ಕಾಲುಗಳ ನಡುವೆ ನಿಲ್ಲಿಸಿಕೊಂಡು ಕುಯ್ಯುತ್ತಿದ್ದರು. ಮಿಸ್ಸಮ್ಮ ಮುಂದೆ ಒಂದು ಕಡ್ಡಿ ಹಿಡಿದು ನಿಂತಿದ್ದರು. ಟೀಚರ ಕೈಯಲ್ಲಿ ಕಡ್ಡಿ ಇದ್ದರೆ ಏಟು ಬೀಳಬೇಕು. ನಾನು ಮೂರನೇ ಕ್ಲಾಸಿನವರೆಗೆ ಕಲಿತದ್ದರಲ್ಲಿ ನೆನಪಿರುವುದು ಅದೊಂದೇ. ಆದರೆ ಆ ಕಡ್ಡಿ ಯಾರಿಗೂ ತಾಗುತ್ತಿರಲಿಲ್ಲ. ಮೇಲೆ ಹೋದರೆ ನಲವತ್ತು ಜನ ಉಸಿರು ಎಳೆದುಕೊಳ್ಳುತ್ತಿದ್ದರು, ಕೆಳಗೆ ಬಂದರೆ ಹಾಡುತ್ತಿದ್ದರು.

ನನ್ನನ್ನು ದಪ್ಪ ದನಿಯ ಹೆಂಗಸರ ಸಾಲಿನ ಕೊನೆಗೆ ಕೂರಿಸಿದರು. ಬೆನ್ನಿಗೆ ಸರಿಯಾಗಿ ಕ್ಲಾರಿನೆಟ್ಟು ಊದುವವನು. ಅವನು ಫ್ಯಾಕ್ಟರಿಯಲ್ಲಿ ಫಿಟ್ಟರು, ಮೊದಲು ಮದುವೆ ಬ್ಯಾಂಡ್‌ಸೆಟ್ಟಿನಲ್ಲಿ ಇದ್ದವನು. ನನಗೆ ಹಾಡಿನ ಕಾಗದ ಓದಲು ಬರುವುದಿಲ್ಲ ಅಂತ ಗೊತ್ತಾದದ್ದೇ, "ಅಕ್ಕಾ, ಪೇಪರ್ ಬಿಟ್ಟಾಕಿ. ನಾನ್ ಕಾಲಲ್ಲಿ ನಿಮ್ ಕುರ್ಚಿ ತಟ್ತೀನಿ, ತಟ್ಟಿದ್ ತಕ್ಷಣ ಶುರು ಅಚ್ಕೊಳಿ" ಅಂದ. ಅಲ್ಲಿಂದ ಮುಂದೆ ಎಷ್ಟೋ ವರ್ಷ ನನ್ನ ಸಂಗೀತವೆಲ್ಲ ಆ ಕುರ್ಚಿಯ ಕಾಲಿನಿಂದಲೇ ಮೇಲೆ ಬಂದದ್ದು.

ಇನ್ನು ನನ್ನ ಮೊಮ್ಮಗಳ ವಿಷಯ. ಅವಳ ಹೆಸರೆತ್ತಿದರೆ ನನ್ನ ಮಾತು ನಿಲ್ಲುವುದಿಲ್ಲ, ಓದುವವರು ಸ್ವಲ್ಪ ತಡೆದುಕೊಳ್ಳಬೇಕು. ಮಗನ ಮೊದಲ ಮಗು. ನಾನು ಸಂಘ ಸೇರಿದ ವರ್ಷ ಅವಳಿಗೆ ಒಂಬತ್ತು. ವೈಟ್‌ಫೀಲ್ಡಿನ ಕಾನ್ವೆಂಟಿನಲ್ಲಿ ಓದುತ್ತಿದ್ದಳು. ಎರಡು ಜಡೆ, ಮುಂದಿನ ಒಂದು ಹಲ್ಲು ಇಲ್ಲ, ಕೆರೆ ಕೋಡಿ ಬಿದ್ದ ಹಾಗೆ ಮಾತು. ಭಾನುವಾರ ನನ್ನ ಸೆರಗು ಹಿಡಿದು ಬರುತ್ತಿದ್ದವಳನ್ನು ಮಿಸ್ಸಮ್ಮ ಮಕ್ಕಳ ಸಾಲಿಗೆ ಸೇರಿಸಿದರು. ಅವಳು ಕಾಗದ ನೋಡಿಕೊಂಡು ಹಾಡುವುದನ್ನು ಎರಡೇ ತಿಂಗಳಲ್ಲಿ ಕಲಿತಳು.

ಆ ವರ್ಷದ ಕಾರ್ಯಕ್ರಮಕ್ಕೆ ಮಿಸ್ಸಮ್ಮ ಒಂದು ಹೊಸ ಯೋಚನೆ ಮಾಡಿದರು. ಇಂಗ್ಲಿಷ್ ಹಾಡು ಇದೆ, ತಮಿಳು ಹಾಡು ಇದೆ, "ನಿನ್ನ ಊರಿಂದು ಒಂದು ಕೊಡು" ಅಂತ ನನ್ನನ್ನು ಕೇಳಿದರು. ನಾನು ಗದ್ದೆಯಲ್ಲಿ ಕಳೆ ಕೀಳುವಾಗ ಹೇಳುವ ಪದ ಹೇಳಿದೆ. 'ಏರಿ ಮ್ಯಾಲೆ ನಿಂತ ಹೆಣ್ಣೆ, ನೀರು ಏನು ಅಂದಿತೆ' ಅಂತ ಶುರುವಾಗುತ್ತದೆ. ಬರೀ ನಾಲ್ಕು ಸಾಲು. ಮಿಸ್ಸಮ್ಮ ಅದನ್ನು ಐದು ಗೆರೆಗಳ ಮೇಲೆ ಇರುವೆ ಕೂರಿಸಿದ ಹಾಗೆ ಬರೆದುಕೊಂಡರು. ಎರಡು ವಾರ ಬಿಟ್ಟು ಬಂದರೆ ಅದಕ್ಕೆ ಪಿಟೀಲು, ಕ್ಲಾರಿನೆಟ್ಟು, ಡೋಲು ಎಲ್ಲ ಸೇರಿ ಮದುವೆ ಹೆಣ್ಣಿನ ಹಾಗೆ ಅಲಂಕಾರ ಆಗಿಬಿಟ್ಟಿತ್ತು. ಮೊದಲು ಎಲ್ಲರೂ ಹಾಡುವುದು. ಆಮೇಲೆ ಎಲ್ಲರೂ ನಿಲ್ಲಿಸುವುದು, ನಾಲ್ಕು ಸಾಲನ್ನೂ ಒಬ್ಬಳೇ ಹಾಡುವುದು. ಕೊನೆಗೆ ಮತ್ತೆ ಎಲ್ಲರೂ.

ಆ ಒಬ್ಬಳು ನನ್ನ ಮೊಮ್ಮಗಳು!

ನನಗೆ ಖುಷಿಯಲ್ಲಿ ಕಣ್ಣು ಕಾಣಲಿಲ್ಲ. ಬಸ್‌ಸ್ಟಾಪಿನಲ್ಲಿ ಗುರುತಿಲ್ಲದವರಿಗೂ ಹೇಳಿದೆ. ಆದರೆ ದಾರಿಯಲ್ಲಿ ಹುಡುಗಿ ನನ್ನ ಕೈ ಜಗ್ಗಿ ನಿಲ್ಲಿಸಿದಳು.

"ಅಜ್ಜಿ, ನೀನು ನನ್ ಜೊತೆ ಹಾಡಬಾರ್ದು."

"ಯಾಕ್ ಮಗಾ?"

"ಮನೇಲಿ ನಾನೊಂದ್ ಸಾಲು ಹೇಳೋದ್ರೊಳಗೆ ನೀನು, ತಾತ, ಅಮ್ಮ, ಎಲ್ರೂ ಎತ್ಕೊಂಡ್ಬಿಡ್ತೀರ. ನನ್ ಗಂಟ್ಲು ಹೇಗಿದೆ ಅಂತ ನಂಗೇ ಗೊತ್ತಿಲ್ಲ. ಒಂದೇ ಒಂದ್ ಸಲ ಕೇಳ್ಬೇಕು."

ಹುಡುಗಿ ಹೇಳಿದ್ದು ನಿಜ. ನಮ್ಮ ಕಡೆ ಪದ ಹೇಳುವುದೇ ಹಾಗೆ. ಒಬ್ಬಳು ಸೊಲ್ಲು ಎತ್ತುತ್ತಾಳೆ, ಅಂದರೆ ಮೊದಲ ಸಾಲು ಹೇಳುತ್ತಾಳೆ. ಸುತ್ತ ಇದ್ದವರೆಲ್ಲ ಅದನ್ನೇ ತಿರುಗಿಸಿ ಹೇಳಬೇಕು. ಮದುವೆಮನೆಯಾಗಲಿ, ನಾಟಿ ಗದ್ದೆಯಾಗಲಿ, ಗಂಡಸರ ಭಜನೆಯಾಗಲಿ ಅದೇ ಪದ್ಧತಿ. ಸೊಲ್ಲು ಎತ್ತಿದವಳನ್ನು ಯಾರೂ ಹಿಂಬಾಲಿಸದೆ ಬಿಟ್ಟರೆ ಅವಳಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಜಗಳ ಆಡಿ ಮಾತು ಬಿಟ್ಟವಳು ಎತ್ತಿದರೂ ನಾವು ಕೈಬಿಡುವುದಿಲ್ಲ. ಹಾಗಿರುವಾಗ ಮೊಮ್ಮಗಳು ಬಾಯಿಬಿಟ್ಟಾಗ ಅಜ್ಜಿ ಸುಮ್ಮನೆ ಕೂರುವುದು ಹೇಗೆ? ಆದರೂ ಅವಳು ಕೇಳಿದ್ದು ಅದೊಂದೇ. ರೇಷ್ಮೆ ಲಂಗ ಕೇಳಲಿಲ್ಲ, ಮಿಠಾಯಿ ಕೇಳಲಿಲ್ಲ. "ಆಯ್ತು ಕಣ್ ಮಗಾ, ತುಟಿ ಎರಡ್ ಮಾಡಕಿಲ್ಲ" ಅಂತ ಕೆರೆ ಏರಿಯ ಮೇಲೆ ಮಾತು ಕೊಟ್ಟೆ.

ಕೊಟ್ಟ ಮಾತು ಮುಂದಿನ ಭಾನುವಾರವೇ ಹೋಯಿತು. ಅವಳು ಮೊದಲ ಸಾಲು ಮುಗಿಸಿದಳೋ ಇಲ್ಲವೋ, ನನ್ನ ಗಂಟಲು ನನ್ನನ್ನು ಕೇಳದೆ ಎದ್ದು ಹೋಯಿತು. ಇಡೀ ಹಾಲ್‌ನಲ್ಲಿ ನನ್ನದೊಂದೇ ದನಿ! ಮಿಸ್ಸಮ್ಮ ಕಡ್ಡಿ ಇಳಿಸಿ, "ನೀನು!" ಅಂದರು. ಎಲ್ಲರೂ ನಕ್ಕರು. ಎರಡನೇ ಸಲ ಮೂರನೇ ಸಾಲಿನವರೆಗೆ ತಡೆದುಕೊಂಡೆ, ಆಮೇಲೆ ಮತ್ತೆ ಅದೇ. ಯಾರೂ ಬೈಯಲಿಲ್ಲ, ಆದರೆ ಹುಡುಗಿ ಬಸ್ಸಿನಲ್ಲಿ ನನ್ನ ಪಕ್ಕ ಕೂರದೆ ಕಂಡಕ್ಟರನ ಸೀಟಿನ ಹತ್ತಿರ ಹೋಗಿ ನಿಂತಳು. ಎರಡು ದಿನ ಮಾತು ಬಿಟ್ಟಳು. ಒಂಬತ್ತು ವರ್ಷದವಳು ಮಾತು ಬಿಟ್ಟರೆ ಮನೆ ಎಷ್ಟು ದೊಡ್ಡದಾಗುತ್ತದೆ ಅಂತ ನನಗೆ ಆಗ ಗೊತ್ತಾಯಿತು.

ಬಾಯಿ ಕಟ್ಟಲು ನಾನು ಮಾಡದ ಉಪಾಯ ಇಲ್ಲ. ಬಾಯಿ ತುಂಬ ಎಲೆ ಅಡಿಕೆ ಹಾಕಿಕೊಂಡು ಹೋದೆ. ಹಾಲ್‌ನಲ್ಲಿ ಜಗಿಯುವ ಹಾಗಿಲ್ಲ ಅಂತ ಮಿಸ್ಸಮ್ಮ ಹೊರಗೆ ಕಳಿಸಿ ಉಗಿಸಿದರು. ಸೆರಗಿನ ತುದಿ ಕಚ್ಚಿಕೊಂಡೆ. ಸೆರಗಿನೊಳಗಿಂದಲೇ 'ಹೂಂ ಹೂಂ' ಅಂತ ಬಂತು. ನಮ್ಮ ಯಜಮಾನರು, "ಎಮ್ಮೆಗರೀನ ಬಾಯಿಗೆ ಕಟ್ಟೋ ಕುಕ್ಕೆ ಐತೆ, ಆಕಿ ಕಳಿಸ್ಲಾ?" ಅಂದರು. ನಾನು ಮುದ್ದೆ ಕೋಲು ಎತ್ತಿದೆ.

ಕೊನೆಗೆ ದಾರಿ ತೋರಿಸಿದವನು ಫಿಟ್ಟರು. "ಅಕ್ಕಾ, ನೀವು ಸುಮ್ನಿರೋಕೆ ನೋಡ್ತೀರಿ, ಅದಕ್ಕೇ ಆಗ್ತಿಲ್ಲ. ನಾವ್ಯಾರೂ ಸುಮ್ನಿರಲ್ಲ. ಎಣಿಸ್ತಾ ಇರ್ತೀವಿ" ಅಂದ. ಒಂದು ಸಾಲಿಗೆ ನಾಲ್ಕು ಎಣಿಕೆ, ನಾಲ್ಕು ಸಾಲಿಗೆ ಹದಿನಾರು. ನಾವು ರಾಗಿ ಸೇರು ಎಣಿಸುವಾಗ ಹೆಬ್ಬೆರಳಿನಲ್ಲಿ ಬೆರಳಿನ ಗೆರೆ ಮುಟ್ಟುತ್ತೇವಲ್ಲ, ಒಂದು ಬೆರಳಿಗೆ ಮೂರು ಗೆರೆ ಒಂದು ತುದಿ, ಅದೇ ನಾಲ್ಕು. ನಾಲ್ಕು ಬೆರಳು, ನಾಲ್ಕು ಸಾಲು! ನನ್ನ ಕೈಯನ್ನು ಆ ಪದಕ್ಕೇ ಅಳತೆ ಕೊಟ್ಟು ಮಾಡಿಸಿದ ಹಾಗಿತ್ತು. ಕಿರುಬೆರಳಿನಿಂದ ಶುರು ಮಾಡಿ ತೋರುಬೆರಳಿನ ತುದಿ ಮುಟ್ಟುವವರೆಗೆ ಬಾಯಿ ಮುಚ್ಚಿರಬೇಕು, ಆಮೇಲೆ ತೆಗೆಯಬೇಕು. ಹಾಲು ಕರೆಯುವಾಗ ಎಣಿಸಿದೆ, ಕಳೆ ಕೀಳುವಾಗ ಎಣಿಸಿದೆ. ಕೊನೆಯ ಎರಡು ಭಾನುವಾರ ಒಂದು ಚೂರೂ ತಪ್ಪಲಿಲ್ಲ. ಹುಡುಗಿ ಮತ್ತೆ ನನ್ನ ಪಕ್ಕ ಕೂತು ಬಂದಳು.

ಕಾರ್ಯಕ್ರಮದ ದಿನ ಸಾಯಂಕಾಲ ನಾಲ್ಕು ಗಂಟೆಗೆ ಹಾಲ್ ತುಂಬಿತು. ಮುಂದೆ ಟೈ ಕಟ್ಟಿದವರು, ಫ್ಯಾಕ್ಟರಿಯ ಆಫೀಸರುಗಳು. ಹಿಂದೆ ನಮ್ಮ ಊರು! ಯಜಮಾನರು ಟ್ರ್ಯಾಕ್ಟರಿನ ಟ್ರೈಲರಿಗೆ ಹುಲ್ಲು ಹಾಸಿ ಅರ್ಧ ಊರನ್ನು ತುಂಬಿಕೊಂಡು ಬಂದಿದ್ದರು. ನನ್ನ ಜೊತೆ ನಾಟಿ ಹಾಕುವ ಹೆಂಗಸರೆಲ್ಲ ತಲೆಗೆ ಕನಕಾಂಬರ ಮುಡಿದು, ಗಂಡಸರು ಒಗೆದ ಪಂಚೆ ಉಟ್ಟು, ಬೆಂಚುಗಳ ಮೇಲೆ ಒತ್ತೊತ್ತಿ ಕೂತಿದ್ದರು. ಇಂಗ್ಲಿಷ್ ಹಾಡುಗಳಿಗೆ ಗಂಭೀರವಾಗಿ ತಲೆ ಆಡಿಸಿದರು. ತಮಿಳು ಹಾಡಿಗೆ ತೊಡೆ ತಟ್ಟಿದರು. ಆಮೇಲೆ ನಮ್ಮ ಪದ ಬಂತು.

ಮೊದಲ ಭಾಗ ಎಲ್ಲರೂ ಸೇರಿ ಹಾಡಿದೆವು. ಅಷ್ಟು ವಾದ್ಯಗಳ ನಡುವೆ ಅದು ತಮ್ಮದೇ ಪದ ಅಂತ ಊರವರಿಗೆ ಗುರುತು ಹತ್ತಿತೋ ಇಲ್ಲವೋ. ಕಡ್ಡಿ ಕೆಳಗೆ ಇಳಿಯಿತು, ಎಲ್ಲರೂ ನಿಲ್ಲಿಸಿದೆವು. ಪಿಟೀಲುಗಳು ಮಾತ್ರ ಸಣ್ಣಗೆ ಉಳಿದವು. ನನ್ನ ಮೊಮ್ಮಗಳು ಎರಡು ಹೆಜ್ಜೆ ಮುಂದೆ ಬಂದಳು. ನಾನು ಹೆಬ್ಬೆರಳನ್ನು ಕಿರುಬೆರಳಿಗೆ ಇಟ್ಟು ತುಟಿ ಬಿಗಿದೆ.

'ಏರಿ ಮ್ಯಾಲೆ ನಿಂತ ಹೆಣ್ಣೆ, ನೀರು ಏನು ಅಂದಿತೆ.'

ನಾನು ಹಾಡಲಿಲ್ಲ. ಸತ್ಯವಾಗಿ ಹಾಡಲಿಲ್ಲ. ಆದರೆ ಹಿಂದಿನ ಬೆಂಚುಗಳಿಂದ ಇಡೀ ಊರು ಎದ್ದು ಬಂತು, 'ಏರಿ ಮ್ಯಾಲೆ ನಿಂತ ಹೆಣ್ಣೆ!' ಕೆರೆಯ ನೀರು ತೂಬು ಒಡೆದು ಬಂದ ಹಾಗೆ. ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಮೇಲೆ, ಕೈತಾಳ ಬೇರೆ ಹಾಕಿಕೊಂಡು, ನಮ್ಮ ಯಜಮಾನರು! ಅವರದೂ ತಪ್ಪಲ್ಲ. ಊರಿನ ಮಗು ಸೊಲ್ಲು ಎತ್ತಿ ನಿಂತಿದೆ, ವೇದಿಕೆಯ ಮೇಲಿದ್ದ ನಲವತ್ತು ಜನರಲ್ಲಿ ಒಬ್ಬರೂ ಎತ್ತಿಕೊಳ್ಳಲಿಲ್ಲ. ಮಗುವನ್ನು ಹೀಗೆ ನಡುನೀರಿನಲ್ಲಿ ಬಿಡುತ್ತಾರಾ ಅಂತ ಅವರಿಗೆ ಅನ್ನಿಸಿದೆ. ನನಗೆ ನಾನು ಕಟ್ಟು ಹಾಕಿದೆ, ಅವರಿಗೆ ಹೇಳಬೇಕು ಅಂತ ಹೊಳೆಯಲೇ ಇಲ್ಲ.

ಪಿಟೀಲಿನವರು ಎಣಿಕೆ ತಪ್ಪಿ ಒಬ್ಬೊಬ್ಬರಾಗಿ ನಿಲ್ಲಿಸಿದರು. ಮಿಸ್ಸಮ್ಮನ ಕಡ್ಡಿ ಅರ್ಧದಲ್ಲೇ ನಿಂತಿತು. ಹುಡುಗಿ ತಿರುಗಿ ನನ್ನನ್ನು ನೋಡಿದಳು. ಅಳು ಇನ್ನೂ ಬಂದಿರಲಿಲ್ಲ, ಬರುವುದಕ್ಕೆ ಜಾಗ ಮಾಡಿಕೊಳ್ಳುತ್ತಿತ್ತು.

ನಾನು ಎದ್ದು ನಿಂತೆ. ಗುಲಾಬಿ ಪಾತಿಯ ಹತ್ತಿರ ಬಂದಿದ್ದ ದನಿಯೇ ಬಂತು, ಅದಕ್ಕಿಂತ ಒಂದು ಕೈ ಮೇಲೆ.

"ಏಯ್! ಬಾಯ್ ಮುಚ್ಚ್ರೋ ಎಲ್ಲಾರೂವೆ! ಮಗ ಒಬ್ಳೇ ಆಡ್ಬೇಕು! ಇದು ಅಂಗೇನೇ ಇರಾದು! ಯಾರಾದ್ರೂ ಸೊಲ್ಲೆತ್ತಿದ್ರೆ ಟ್ರ್ಯಾಕ್ಟ್ರು ಅತ್ತಂಗಿಲ್ಲ, ನಡ್ಕೊಂಡೇ ಬರ್ಬೇಕು!"

ಯಜಮಾನರ ಕೈ ತಾಳ ಹಾಕಲು ಎತ್ತಿದ್ದು ಹಾಗೇ ಗಾಳಿಯಲ್ಲಿತ್ತು.

"ನಿಮ್ಗೂ ಸೇರ್ಸೇ ಕಣ್ರೀ ನಾನ್ ಯೋಳಿದ್ದು" ಅಂದೆ.

ಮುಂದಿನ ಸಾಲಿನ ಟೈ ಕಟ್ಟಿದವರೊಬ್ಬರು ಕರ್ಚೀಫು ಬಾಯಿಗೆ ಹಿಡಿದುಕೊಂಡರು. ನನಗೆ ಆಗ ಬುದ್ಧಿ ಬಂತು. ಇಷ್ಟು ಜನರ ಮುಂದೆ ಗಂಡನಿಗೆ ಬೈದೆ, ಕಾರ್ಯಕ್ರಮ ಕೆಡಿಸಿದೆ, ಇನ್ನು ಮಿಸ್ಸಮ್ಮ ನನ್ನನ್ನು ಎಮ್ಮೆಯ ಜೊತೆಗೇ ಕಳಿಸುತ್ತಾರೆ ಅಂದುಕೊಂಡೆ. ಮಿಸ್ಸಮ್ಮ ನನ್ನ ಕಡೆ ನೋಡಿದರು. "ಥ್ಯಾಂಕ್ ಯೂ. ಈಗ ನೀನು ಕೂತ್ಕೋ" ಅಂದರು. ಹುಡುಗಿಯ ಕಡೆ ತಿರುಗಿ, "ಮೊದಲಿಂದ. ನೀನು ಒಬ್ಬಳೇ" ಅಂದರು.

ಕಡ್ಡಿ ಮೇಲೆ ಹೋಯಿತು. ಪಿಟೀಲು ಮತ್ತೆ ಶುರುವಾಯಿತು. ಹುಡುಗಿ ಮೂಗು ಒರೆಸಿಕೊಂಡು ಉಸಿರು ಎಳೆದಳು.

ನಾಲ್ಕು ಸಾಲು ಹಾಡಿದಳು. ಒಬ್ಬಳೇ. ಅವಳು ಹುಟ್ಟಿದಾಗಿನಿಂದ ನನ್ನ ತೊಡೆಯ ಮೇಲೇ ಬೆಳೆದವಳು, ಅವಳ ಕೆಮ್ಮು, ನಗು, ಹಟದ ಅಳು, ಎಲ್ಲ ಗೊತ್ತಿತ್ತು. ಈ ದನಿ ಗೊತ್ತಿರಲಿಲ್ಲ. ನನ್ನ ದಪ್ಪ ದನಿ ಅದರ ಮೇಲೆ ಯಾವಾಗಲೂ ಕಂಬಳಿ ಹೊದಿಸಿಬಿಡುತ್ತಿತ್ತಲ್ಲ. ಹೊಸ ಮಡಕೆಗೆ ಬೆರಳಲ್ಲಿ ತಟ್ಟಿದರೆ ಬರುತ್ತದಲ್ಲ, ಅಂಥ ದನಿ. ಸಾಲಿನ ಕೊನೆಯಲ್ಲಿ ಒಂದು ಚೂರು ಒರಟು. ಬಿದ್ದ ಹಲ್ಲಿನ ಸಂದಿಯಲ್ಲಿ ಗಾಳಿ ಬೇರೆ. ನೀರು ಏನು ಅಂದಿತು ಅಂತ ನಲವತ್ತು ವರ್ಷ ಕೇಳಿಕೊಂಡು ಬಂದ ಪದದಲ್ಲಿ ಆವತ್ತು ನಿಜವಾಗಿ ಯಾರೋ ನೀರನ್ನು ಕೇಳುತ್ತಿದ್ದಾರೆ ಅನ್ನಿಸಿತು.

ನಾನು ಎಣಿಸುವುದನ್ನೇ ಮರೆತೆ. ಹೆಬ್ಬೆರಳು ಎಲ್ಲಿತ್ತೋ! ಹದಿನಾರು ಮುಗಿದು ಎಲ್ಲರೂ ಹಾಡಲು ಶುರು ಮಾಡಿದರು, ನಾನು ಬಾಯಿ ಮುಚ್ಚಿಯೇ ಕೂತಿದ್ದೆ. ಫಿಟ್ಟರು ಕುರ್ಚಿ ತಟ್ಟಿದ, ಮತ್ತೆ ತಟ್ಟಿದ, ಕೊನೆಗೆ ಒದ್ದ. ಆಗ ಎತ್ತಿಕೊಂಡೆ. ಕಣ್ಣೀರಿನಲ್ಲಿ ಎಷ್ಟು ಹಾಡಿದೆನೋ, ಎಷ್ಟು ಬಿಟ್ಟೆನೋ.

ಪದ ಮುಗಿದಾಗ ಮುಂದಿನ ಸಾಲಿನವರು ಚಪ್ಪಾಳೆ ಹೊಡೆದರು. ಹಿಂದಿನ ಬೆಂಚುಗಳಲ್ಲಿ ಸದ್ದೇ ಇಲ್ಲ. ನಮ್ಮ ಊರವರು ಕೈಕಟ್ಟಿಕೊಂಡು ನನ್ನನ್ನೇ ನೋಡುತ್ತಿದ್ದರು. ಯಜಮಾನರು ಬಾಯಿಗೆ ಅಂಗೈ ಅಡ್ಡ ಇಟ್ಟುಕೊಂಡಿದ್ದರು. ಮಿಸ್ಸಮ್ಮ ಹಿಂದಿನ ಬೆಂಚುಗಳ ಕಡೆ ತಿರುಗಿ, "ಈಗ ನೀನು ಕೈ ಹೊಡಿ, ಎಲ್ಲಾರೂ ಹೊಡಿ" ಅಂದರು. ಆಮೇಲೆ ನೋಡಬೇಕಿತ್ತು! ಹಂಚು ಹಾರಲಿಲ್ಲ, ಅದೇ ಪುಣ್ಯ.

ಹೊರಗೆ ಬಂದಾಗ ಇನ್ನೂ ಬೆಳಕಿತ್ತು. ಎಲ್ಲರೂ ಟ್ರೈಲರ್ ಹತ್ತಿ ಹುಲ್ಲಿನ ಮೇಲೆ ಕೂತರು. ನಾನು ಯಜಮಾನರ ಎದುರಿಗೆ ಕೂರಲು ಸ್ವಲ್ಪ ಹಿಂದೆಮುಂದೆ ನೋಡಿದೆ. ಅವರೇ ಜಾಗ ಮಾಡಿಕೊಟ್ಟು, "ಬಾರಮ್ಮಾ ದೊರೆಸಾನಿ, ಕೂತ್ಕೋ. ಟ್ರ್ಯಾಕ್ಟ್ರಲ್ಲೇ ಬರ್ಬೋದಾ ನಾವೂನೂವೆ?" ಅಂದರು. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು.

ಹುಡುಗಿ ನನ್ನ ಮಡಿಲಿಗೆ ಬಂದು ಕೂತಳು.

"ಕೇಳುಸ್ತಾ ಮಗಾ, ನಿನ್ ಗಂಟ್ಲು?" ಅಂತ ಕೇಳಿದೆ.

"ಕೇಳಿಸ್ತು."

"ಎಂಗೈತೆ?"

"ಚೆನ್ನಾಗಿದೆ. ಆದ್ರೆ ಒಬ್ಳೇ ಹಾಡಿದ್ರೆ ಬೇಗ ಮುಗ್ದೋಗತ್ತೆ ಅಜ್ಜಿ. ಶುರು ಮಾಡಿದೆ ಅಷ್ಟೆ, ಆಗೋಯ್ತು."

ಟ್ರ್ಯಾಕ್ಟರು ವರ್ತೂರು ರಸ್ತೆಗೆ ತಿರುಗಿತು. ಗುಂಡಿಗೊಂದು ಸಲ ಎಲ್ಲರೂ ಒಟ್ಟಿಗೆ ಎಗರಿ ಒಟ್ಟಿಗೆ ಬೀಳುತ್ತಿದ್ದೆವು. ಅವಳು ಮಡಿಲಿನಿಂದಲೇ ಎತ್ತಿದಳು, 'ಏರಿ ಮ್ಯಾಲೆ ನಿಂತ ಹೆಣ್ಣೆ, ನೀರು ಏನು ಅಂದಿತೆ.' ಯಾರೂ ತುಟಿ ಬಿಚ್ಚಲಿಲ್ಲ. ಎಲ್ಲರೂ ನನ್ನ ಮುಖ ನೋಡಿದರು.

"ತಾತಾ, ಯಾಕ್ ಎಲ್ರೂ ಸುಮ್ನಿದೀರ?"

"ನಿಮ್ಮಜ್ಜಿ ಇಳ್ಸಿಬಿಡ್ತಾಳೆ ಕಣವ್ವಾ."

"ಇದು ಹಾಲ್ ಅಲ್ಲ, ಟ್ರ್ಯಾಕ್ಟ್ರು! ಎತ್ಕೊಳಿ ತಾತಾ!"

ಯಜಮಾನರು ನನ್ನ ಕಡೆ ನೋಡಿದರು. ನಾನು ತಲೆ ಆಡಿಸಿದೆ. ಆಮೇಲೆ ಯಾರು ಯಾರ ದನಿಯೋ ಯಾರಿಗೂ ಗೊತ್ತಾಗಲಿಲ್ಲ. ನಾಲ್ಕೇ ಸಾಲಿನ ಪದ ಊರು ಮುಟ್ಟುವವರೆಗೂ ಬಂತು.